ವಿಮಾನಕ್ಕೆ ‘ಅರ್ತ್’ ಎಲ್ಲಿ?

ಮಾಳಿಗೆಯ ಮೇಲೆ ಎರಡು ಗಳುಗಳನ್ನು ನೆಟ್ಟು, ನಡುವೆ ತಾಮ್ರದ ತಂತಿಯನ್ನು ಬಿಗಿದು ರೇಡಿಯೊ ಕೇಳುತ್ತಿದ್ದ ಕಾಲವನ್ನು ಮನೆಯ ಹಿರಿಯರು ಬಲ್ಲರು. ಅದು ಏರಿಯಲ್. ಇನ್ನೊಂದು ತಂತಿ ಗೋಡೆಯಿಂದಿಳಿದು ಅಂಗಳದ ಹಸಿಮಣ್ಣನ್ನು ಸೇರುತ್ತಿತ್ತು, ಅದು ‘ಅರ್ತ್’. ಎತ್ತರದಲ್ಲಿದ್ದುದಕ್ಕೆ ಎಲ್ಲರ ಉಪಚಾರ, ಮಣ್ಣಿನಲ್ಲಿದ್ದುದನ್ನು ಕೇಳುವವರಿಲ್ಲ! ನೆಲವನ್ನೇ ಬಿಟ್ಟು ಹಾರುವ ವಿಮಾನದಲ್ಲಿಯೂ ರೇಡಿಯೊ ಉಂಟಷ್ಟೆ. ಅದಕ್ಕೆ ಅರ್ತ್ ಎಲ್ಲಿಯದು?

1955ರಲ್ಲಿ ಮೊದಲು ಹಾರಿದ ಸೆಸ್ನಾ 172 ಎಂಬ ನಾಲ್ಕು ಆಸನಗಳ ಚಿಕ್ಕ ವಿಮಾನವನ್ನೇ ತೆಗೆದುಕೊಳ್ಳೋಣ. ಅದರ ನೆತ್ತಿಯ ಮೇಲೆ ಮೊಳಕ್ಕೆ ತುಸು ಮಿಕ್ಕ ಕಡ್ಡಿ ನಿಂತಿರುತ್ತದೆ. ವೈಮಾನಿಕನೂ ನಿಯಂತ್ರಣ ಗೋಪುರದವರೂ ಮಾತನಾಡುವುದು 118ರಿಂದ 137 ಮೆಗಾಹರ್ಟ್ಸ್‌ವರೆಗಿನ ಅಲೆಗಳಲ್ಲಿ. ಆ ಅಲೆಯ ಉದ್ದ ಸುಮಾರು 2.4 ಮೀಟರು, ಅದರ ಕಾಲುಭಾಗ, ಎಂದರೆ 60 ಸೆಂಟಿಮೀಟರಿನ ಕಡ್ಡಿ ಸಾಕು. ಆದರೆ ಕಡ್ಡಿ ಅರ್ಧ ಏರಿಯಲ್ ಮಾತ್ರ. ಉಳಿದರ್ಧ ಅದರ ಬುಡದ ಸುತ್ತ ಹರಡಿರುವ ಅಲ್ಯುಮಿನಿಯಂ ಮೈ. ಕಡ್ಡಿಯಲ್ಲಿ ಏರಿಳಿಯುವ ವಿದ್ಯುತ್ತಿಗೆ ಜೊತೆಯಾಗಿ ಆ ತಗಡಿನಲ್ಲಿಯೂ ವಿದ್ಯುತ್ತು ಹರಿದಾಡಬೇಕು. ವಿಮಾನವು ತನ್ನ ನೆಲವನ್ನು ತಾನೇ ಹೊತ್ತು ಹಾರುತ್ತದೆ ಎನ್ನಬಹುದು.

ಆದುದರಿಂದಲೇ ಏರಿಯಲ್ ಕೂರಿಸುವ ಕೆಲಸಗಾರನು ಮೊದಲು ಅಂದವಾದ ಬಣ್ಣವನ್ನು ಕೆರೆಯುತ್ತಾನೆ. ಬಣ್ಣ ವಿದ್ಯುತ್ತನ್ನು ತಡೆಯುತ್ತದೆ. ಲೋಹಕ್ಕೆ ಲೋಹವೇ ತಗುಲಬೇಕು. ಮೈಯ ತಗಡು ಬಹಳ ತೆಳುವು. ಗಂಟೆಗೆ 200 ಕಿಲೋಮೀಟರಿನ ಗಾಳಿಗೆ ಕಡ್ಡಿ ನಡುಗಿದರೆ ರಂಧ್ರದ ಸುತ್ತ ಬಿರುಕು ಬಿಟ್ಟೀತು. ಅದಕ್ಕಾಗಿ ಒಳಮಗ್ಗುಲಲ್ಲಿ ಇನ್ನೊಂದು ತಗಡನ್ನು ರಿವೆಟ್ ಹೊಡೆದು ಬಲಪಡಿಸುತ್ತಾರೆ. ಕೊನೆಗೆ ಅಂಚಿನಲ್ಲಿ ಮಳೆನೀರು ಇಳಿಯದಂತೆ ಮೇಣದಂತಹ ಅಂಟು ಬಳಿಯುತ್ತಾರೆ.

ಮೈ ತಗಡಿನದಲ್ಲದಿದ್ದರೆ? ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಿಂದ 1958ರಲ್ಲಿ ಹಾರಿದ ‘ಪುಷ್ಪಕ’ಕ್ಕೆ ಉಕ್ಕಿನ ಕೊಳವೆಗಳ ಎಲುಬು, ಬಟ್ಟೆಯ ಹೊದಿಕೆ. (ಕುಬೇರನ ಪುಷ್ಪಕಕ್ಕೆ ಈ ಚಿಂತೆ ಇದ್ದಂತಿಲ್ಲ.) ಇಂತಹ ವಿಮಾನಗಳಲ್ಲಿ ಕಡ್ಡಿಯ ಬುಡದಿಂದ ರಥಚಕ್ರದ ಅರಗಳಂತೆ ಲೋಹದ ಪಟ್ಟಿಗಳನ್ನು ಬಟ್ಟೆಯ ಒಳಗೆ ಹರಡಿ, ಇಲ್ಲದ ನೆಲವನ್ನು ಒದಗಿಸಬೇಕಾಗುತ್ತದೆ.

ಇನ್ನು ಸ್ಥಳದ ಪ್ರಶ್ನೆ. ಬೆಳಕಿಗಿರುವಂತೆ ಈ ಅಲೆಗಳಿಗೂ ನೆರಳುಂಟು. ಹೊಟ್ಟೆಯ ಕೆಳಗಿಟ್ಟರೆ ಗಾಲಿಯ ಕಾಲುಗಳು ಅಡ್ಡ. ನೆತ್ತಿಯ ಮೇಲಿಟ್ಟರೆ ವಿಮಾನ ವಾಲಿದಾಗ ರೆಕ್ಕೆಯೇ ಅಡ್ಡ, ಹಿಂಬದಿಗೆ ಬಾಲದ ತಗಡು ಅಡ್ಡ. ರೇಡಿಯೊ ಎರಡಿದ್ದರೆ ಏರಿಯಲ್ಲುಗಳನ್ನು ದೂರದೂರ ಇಡಬೇಕು. ಇಲ್ಲವಾದರೆ ಒಂದು ಮಾತನಾಡುವಾಗ ಇನ್ನೊಂದಕ್ಕೆ ಕಿವುಡು.

ಮಾತು ಒಂದೇ ಕಡೆಗೆ ಸಾಗಿದರೆ ಏನಾದೀತೆಂಬುದನ್ನು ಲೋಕ ಕಂಡಿದೆ. 1937ರ ಜುಲೈ 2ರಂದು ಶಾಂತಸಾಗರದ ಹೌಲೆಂಡ್ ದ್ವೀಪವನ್ನು ಅರಸುತ್ತಿದ್ದ ಅಮೇಲಿಯಾ ಇಯರ್‌ಹಾರ್ಟಳ ದನಿ ‘ಇಟಾಸ್ಕ’ ಹಡಗಿನವರಿಗೆ ಸ್ಪಷ್ಟವಾಗಿ ಕೇಳಿತು; ಹಡಗಿನವರ ಮಾತು ಆಕೆಗೆ ಕೇಳಲಿಲ್ಲ. ವಿಮಾನದ ಹಿಂದೆ ಇಳಿಬಿಡುವ ಉದ್ದ ತಂತಿಯ ಏರಿಯಲ್ಲನ್ನು ಮೊದಲೇ ತೆಗೆಸಿಹಾಕಿದ್ದರು. ದೋಷ ಯಾವುದೆಂಬ ವಾದ ಇನ್ನೂ ಮುಗಿದಿಲ್ಲ. ಆಕೆಯೂ ಜೊತೆಗಾರ ಫ್ರೆಡ್ ನೂನನ್ನನೂ ಮರಳಿ ಬರಲಿಲ್ಲ.

ಈಗ ಲೈಸೆನ್ಸು ಪಡೆದ ಎಂಜಿನಿಯರು ಸಹಿ ಹಾಕದೆ ಏರಿಯಲ್ ಬದಲಿಸಿದ ವಿಮಾನ ಏರುವಂತಿಲ್ಲ. ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಹಿಂತಿರುಗಿ ಬರುತ್ತಿದೆಯೆಂದು ಮೊದಲು ಅಳೆಯುತ್ತಾರೆ. ಆಮೇಲೆ ಆಕಾಶದಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತ ಗೋಪುರದೊಡನೆ ಮಾತನಾಡಿ ನೋಡುತ್ತಾರೆ. ಮೂಗು ಯಾವ ದಿಕ್ಕಿಗಿದ್ದಾಗ ದನಿ ಕುಗ್ಗಿತೋ ಬರೆದುಕೊಂಡು, ಇಳಿದ ಮೇಲೆ ಆ ಮಗ್ಗುಲಿನ ನೆರಳನ್ನು ಹುಡುಕುತ್ತಾರೆ.