ಕಣದ ಮೂಲೆಯಿಂದ ತಂದ ಸ್ಕೋರು



ಬೆಳೆಗಾರರ ಪತ್ರಿಕೆಯಲ್ಲಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ ಇವುಗಳ ಮಾತು ಬರುವುದು ವಾಡಿಕೆ. ಈ ಸಲ ನಾವು ಮನುಷ್ಯರ ಕಾಯಿಲೆಯ ಮಾತನ್ನೂ ಅದರ ಜೊತೆಗೆ ಕ್ರಿಕೆಟ್ಟಿನ ಮಾತನ್ನೂ ಬರೆಯಲು ಹೊರಟಿದ್ದೇವೆ. ಇವೆರಡಕ್ಕೂ ಏನು ಸಂಬಂಧ ಎಂದು ಕೇಳುವವರು ಕೊನೆಯವರೆಗೆ ಓದುವ ತಾಳ್ಮೆ ತೋರಬೇಕಾಗಿ ವಿನಂತಿ.

ನಮ್ಮದು ಕೊಪ್ಪದ ಕಡೆಯ ಸಣ್ಣ ಹಿಡುವಳಿ. ತಗ್ಗಿನಲ್ಲಿ ಅಡಿಕೆ, ಮೇಲಿನ ದರೆಯಲ್ಲಿ ಕಾಫಿ. ಕ್ರಿಕೆಟ್ಟಿನ ಹುಚ್ಚು ನಮಗೆ ಹಿಡಿದದ್ದು ಶಾಲೆಗೆ ಹೋಗುತ್ತಿದ್ದಾಗ, 1974ರಲ್ಲಿ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ಮೈಸೂರು ಎಂದು ಆಡುತ್ತಿದ್ದ ತಂಡ ಆ ವರ್ಷವೇ ಪ್ರಸನ್ನರ ನಾಯಕತ್ವದಲ್ಲಿ, 15 ವರ್ಷ ಎಡೆಬಿಡದೆ ರಣಜಿ ಟ್ರೋಫಿ ಗೆದ್ದಿದ್ದ ಬೊಂಬಾಯಿಯನ್ನು ಸೆಮಿಫೈನಲ್‌ನಲ್ಲಿ ಹಿಂದೆ ಹಾಕಿ, ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿತು. ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯಲ್ಲಿ ವಿಶ್ವನಾಥ್, ಚಂದ್ರಶೇಖರ್ ಹೆಸರು ಹುಡುಕುತ್ತಿದ್ದ ಆ ಅಭ್ಯಾಸ ಮದುವೆಯಾದ ಮೇಲೂ ಬಿಡಲಿಲ್ಲ. ಮನೆಯಾಕೆಗೆ ಮೊದಮೊದಲು ಇದು ಕೆಲಸವಿಲ್ಲದವರ ಕೆಲಸವಾಗಿ ಕಂಡಿತು. ಕ್ರಮೇಣ ಆಕೆಯೇ ನಮಗಿಂತ ಚೆನ್ನಾಗಿ ಲೆಕ್ಕ ಇಡತೊಡಗಿದಳು. ತೋಟದ ಆಳು ಲೆಕ್ಕವೂ ಆಕೆಯ ಕೈಯಲ್ಲೇ ಇದ್ದುದರಿಂದ, ಒಂದೇ ಪುಸ್ತಕದ ಎಡಪುಟದಲ್ಲಿ ಬಟವಾಡೆ, ಬಲಪುಟದಲ್ಲಿ ಕರ್ನಾಟಕದ ಸ್ಕೋರು.

ಕಾಯಿಲೆ ಬಂದದ್ದು

2014ರ ಅಕ್ಟೋಬರ್‌ನಲ್ಲಿ, ಅಡಿಕೆಯ ಕೊನೆಕೊಯ್ಲಿಗೆ ಸಿದ್ಧತೆ ನಡೆಯುತ್ತಿದ್ದಾಗ, ಆಕೆ ಎದೆಯಲ್ಲಿ ಒಂದು ಗಂಟು ಇದೆ ಎಂದಳು. ನೋವಿಲ್ಲದ್ದರಿಂದ ಎರಡು ತಿಂಗಳು ಹೇಳದೆ ಇದ್ದಳಂತೆ. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆಮೇಲೆ 21 ದಿನಕ್ಕೊಂದರಂತೆ 6 ಸಲ ಕೀಮೋಥೆರಪಿ, ಅದು ಮುಗಿದ ಮೇಲೆ ರೇಡಿಯೇಷನ್ ಎಂದು ವೈದ್ಯರು ನಿರ್ಧರಿಸಿದರು. ಮೊದಲನೆಯ ಡೋಸು ಡಿಸೆಂಬರ್ 19ಕ್ಕೆ ಬಿತ್ತು.

ಕಾಫಿ ಹಣ್ಣಾಗಿ ಉದುರುತ್ತಿದ್ದ ಕಾಲ ಅದು. ಕೊಯ್ಲಿಗೆ ನೆರೆಯವರು ಮುಯ್ಯಾಳಾಗಿ ಬಂದರು. ಅಡಿಕೆ ಸುಲಿತದ ರಾತ್ರಿಗಳನ್ನು ನಾದಿನಿ ನೋಡಿಕೊಂಡಳು. ಕೈಯಲ್ಲಿದ್ದ ಕೆಲಸವೆಲ್ಲ ಹೋಗಿ ಮನೆಯಾಕೆಯ ಪಾಲಿಗೆ ಉಳಿದದ್ದು ಹಾಸಿಗೆ ಮತ್ತು ಆ ಲೆಕ್ಕದ ಪುಸ್ತಕ. ಆಳು ಲೆಕ್ಕವನ್ನು ಬೇರೆಯವರು ಬರೆಯತೊಡಗಿದರೂ ಬಲಪುಟವನ್ನು ಆಕೆ ಬಿಟ್ಟುಕೊಡಲಿಲ್ಲ.

ನಮ್ಮ ಮನೆಯಲ್ಲಿ ಮೊಬೈಲಿನ ಸಿಗ್ನಲ್ ಸಿಗುತ್ತಿದ್ದುದು ಕಾಫಿ ಕಣದ ಒಂದು ಮೂಲೆಯಲ್ಲಿ ಮಾತ್ರ. ಪಂದ್ಯವಿದ್ದ ದಿನ ನಾವು ಗಂಟೆಗೊಮ್ಮೆ ಕಣಕ್ಕೆ ಹೋಗಿ, ಕಾಫಿಯನ್ನು ಒಂದಿಷ್ಟು ಕೆದಕಿ, ಸ್ಕೋರು ನೋಡಿಕೊಂಡು ಬಂದು ಹೇಳುವುದು. ಆಕೆ ಬರೆದುಕೊಳ್ಳುವುದು. ಹೀಗೆ ದಿನಕ್ಕೆ ಎಂಟು ಹತ್ತು ಸಲ ನಾವು ಆ ಕೋಣೆಗೆ ಹೋಗಲು ಒಂದು ನೆವ ಸಿಕ್ಕಿತು. ಕಾಯಿಲೆಯ ಕೋಣೆಗೆ ಬರಿಗೈಯಲ್ಲಿ ಹೋಗಿ ‘ಹೇಗಿದ್ದೀ’ ಎಂದು ಕೇಳುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು.

ಚಿನ್ನಸ್ವಾಮಿಯಲ್ಲಿ ಒಂದು ಮಧ್ಯಾಹ್ನ

ಮೂರನೆಯ ಡೋಸಿಗೆ ಜನವರಿ ಕೊನೆಯ ವಾರ ಬೆಂಗಳೂರಿಗೆ ಹೋದೆವು. ಹಿಂದಿನ ದಿನ ರಕ್ತ ಕೊಟ್ಟರೆ ವರದಿ ಸಂಜೆಗೆ. ಅಲ್ಲಿಯವರೆಗೆ ಆಸ್ಪತ್ರೆಯ ಬೆಂಚಿನಲ್ಲಿ ಕೂರುವುದು ಪದ್ಧತಿ. ಅಂದು ಚಿನ್ನಸ್ವಾಮಿ ಮೈದಾನದಲ್ಲಿ ಉತ್ತರ ಪ್ರದೇಶದ ಮೇಲೆ ಪಂದ್ಯವಿತ್ತು. ಜನಜಂಗುಳಿಗೆ ಹೋಗಬಾರದೆಂದು ವೈದ್ಯರು ಹೇಳಿದ್ದರು. ಆದರೆ ರಣಜಿ ಪಂದ್ಯಕ್ಕೆ ಜಂಗುಳಿ ಎಲ್ಲಿಂದ ಬರಬೇಕು? ನಮ್ಮ ಸುತ್ತ ಇಪ್ಪತ್ತು ಕುರ್ಚಿಗಳ ದೂರಕ್ಕೆ ಯಾರೂ ಇರಲಿಲ್ಲ. ತಲೆಗೆ ಬಟ್ಟೆ ಸುತ್ತಿಕೊಂಡು ಆಕೆ ಎರಡು ಗಂಟೆ ಕುಳಿತು ಕೆ.ಎಲ್. ರಾಹುಲನ ಆಟ ನೋಡಿದಳು. ಆ ಇನಿಂಗ್ಸಿನಲ್ಲಿ ಆತ 337 ರನ್ ಹೊಡೆದು, ರಣಜಿಯಲ್ಲಿ ಕರ್ನಾಟಕದ ಪರವಾಗಿ ಮುನ್ನೂರು ದಾಟಿದ ಮೊದಲಿಗನಾದ. ಆ ಎರಡು ಗಂಟೆ ವರದಿಯ ಮಾತು ನಮ್ಮಿಬ್ಬರ ಬಾಯಲ್ಲೂ ಬರಲಿಲ್ಲ.

ನಾಲ್ಕನೆಯ ಡೋಸು ಕಠಿಣವಾಯಿತು. ಕೀಮೋ ಕೊಟ್ಟ ಒಂದು ವಾರದಿಂದ ಎರಡು ವಾರದ ಅವಧಿಯಲ್ಲಿ ರಕ್ತದ ಬಿಳಿಕಣಗಳು ತೀರ ಇಳಿಯುತ್ತವೆ. ಆಗ ಸೋಂಕು ತಗುಲಿದರೆ ಪ್ರಾಣಕ್ಕೇ ಅಪಾಯ. ಫೆಬ್ರುವರಿ ಕೊನೆಗೆ ಆಕೆಗೆ ಜ್ವರ 101 ಡಿಗ್ರಿ ಏರಿತು. ರಾತ್ರಿಯೇ ಜೀಪು ಮಾಡಿ ಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಸೆಮಿಫೈನಲ್ ನಡೆಯುತ್ತಿದ್ದ ವಾರವದು. ದಾವಣಗೆರೆಯ ವಿನಯ್ ಕುಮಾರ್ 6 ವಿಕೆಟ್ ಕಿತ್ತು ಮುಂಬಯಿ ತಂಡ 44 ರನ್ನಿಗೆ ಆಲೌಟ್ ಆದ ಸುದ್ದಿಯನ್ನು ವಾರ್ಡಿನಲ್ಲಿ ಹೇಳಿದಾಗ ಆಕೆ ಕಣ್ಣು ತೆರೆಯದೆಯೇ, “ಇನ್ನೊಂದು ಸಲ ಹೇಳಿ, ನಲವತ್ತನಾಲ್ಕೇ?” ಎಂದಳು.

84ಕ್ಕೆ 5

ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ಗಂಜಿಯ ಬಟ್ಟಲನ್ನು ಪಕ್ಕಕ್ಕಿಟ್ಟು ಆಕೆ ಹೇಳಿದಳು: “ಸಾಕು ಇವ್ರೇ. ನಾಲ್ಕು ಆಯಿತು. ಇನ್ನೆರಡು ನನ್ನ ಕೈಲಾಗುವುದಿಲ್ಲ. ಆಪರೇಷನ್‌ನಲ್ಲಿ ಎಲ್ಲ ತೆಗೆದರೆಂದು ನೀವೇ ಹೇಳಿದ್ದೀರಲ್ಲ.”

ನಾವು ಹಾಗೆ ಹೇಳಿದ್ದು ಹೌದು. ಆದರೆ ಅದು ಅರ್ಧ ಮಾತು. ಕಂಕುಳಿನ ಎರಡು ಗ್ರಂಥಿಗಳಿಗೂ ಕಾಯಿಲೆ ಹರಡಿತ್ತೆಂದು ವರದಿಯಲ್ಲಿತ್ತು. ಕೀಮೋ ಅಗತ್ಯವೆಂದು ವೈದ್ಯರು ಒತ್ತಿ ಹೇಳಿದ್ದಕ್ಕೆ ಅದೇ ಕಾರಣ. ಆಕೆ ಹೆದರಿಯಾಳೆಂದು ಆ ಕಾಗದವನ್ನು ನಾವು ಬೀರುವಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೆವು.

ಮಾರ್ಚ್ 8ಕ್ಕೆ ಮುಂಬಯಿಯ ವಾಂಖೆಡೆಯಲ್ಲಿ ತಮಿಳುನಾಡಿನ ಮೇಲೆ ಫೈನಲ್ ಆರಂಭವಾಯಿತು. ಐದನೆಯ ಡೋಸಿನ ದಿನ 13. ತಮಿಳುನಾಡು 134ಕ್ಕೆ ಆಲೌಟ್ ಎಂದು ಓಡಿಬಂದು ಹೇಳಿದೆವು. ಆಮೇಲೆ ನಮ್ಮವರೇ ಉದುರತೊಡಗಿದರು. 84 ರನ್ನಿಗೆ 5 ವಿಕೆಟ್. ಕಣದ ಮೂಲೆಯಲ್ಲಿ ನಿಂತು ನೋಡಿದಾಗ ನಮಗೆ ಆಟದ ಭಯವಲ್ಲ, ಬೇರೆಯದೇ ಭಯ ಹಿಡಿಯಿತು. ಇದು ಅಪಶಕುನವೆಂದು ಮನಸ್ಸು ಹೇಳಿತು. ಒಳಗೆ ಹೋಗಿ, “ಸಿಗ್ನಲ್ ಇಲ್ಲ” ಎಂದೆವು.

ಆಕೆ ಪೆನ್ನು ಹಿಡಿದು ಕುಳಿತಿದ್ದವಳು ಮುಖ ನೋಡಿದಳು. “ಎಷ್ಟಕ್ಕೆ ಎಷ್ಟು ಹೋಯಿತು, ಹೇಳಿ.”

ಹೇಳಿದೆವು. ಆಕೆ ಬರೆದುಕೊಂಡಳು. ಬರೆಯುತ್ತಲೇ, “ಬರೀ ಆಟದ ವಿಷಯವನ್ನೇ ಮುಚ್ಚಿಡುತ್ತೀರಿ. ನನ್ನ ವಿಷಯದಲ್ಲಿ ಇನ್ನೇನನ್ನು ಮುಚ್ಚಿಟ್ಟಿದ್ದೀರಿ?” ಎಂದಳು.

ಬೀರುವಿನಿಂದ ಕಾಗದ ತೆಗೆದು ಕೊಟ್ಟೆವು. ಓದಿ ಹೇಳಿದೆವು. ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಕೆ ಅತ್ತದ್ದು ಕಾಯಿಲೆ ಹರಡಿತ್ತೆಂದಲ್ಲ. ಮೂರು ತಿಂಗಳು ತನ್ನನ್ನು ಒಬ್ಬಳನ್ನೇ ಬಿಟ್ಟಿದ್ದೆವೆಂದು. ನಾವು ಮಾಡಿದ್ದು ತಪ್ಪು ಎಂದು ಒಪ್ಪಿಕೊಂಡೆವು. ಕೊನೆಗೆ ಆಕೆ, “ಹೋಗಿ ನೋಡಿಕೊಂಡು ಬನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ” ಎಂದಳು.

ಮುಂದಿನದನ್ನು ಕ್ರಿಕೆಟ್ ಬಲ್ಲವರು ಬಲ್ಲರು. ಕರುಣ್ ನಾಯರ್ ಒಂದು ತುದಿಯಲ್ಲಿ ನಿಂತ. ಎಂದೂ ಮೊದಲಿಗೆ ಬರುವ ರಾಹುಲ್ ಈ ಸಲ ನೋವಿನಿಂದಾಗಿ ಕೆಳಕ್ರಮಾಂಕದಲ್ಲಿ ಬಂದು ಜೊತೆಗೂಡಿದ. ಇಬ್ಬರೂ ಆರನೆಯ ವಿಕೆಟ್ಟಿಗೆ 386 ರನ್ ಸೇರಿಸಿದರು. ರಾಹುಲ್ 188. ನಾಯರ್ 328. ಗುಲ್ ಮಹಮ್ಮದ್ ಎಂಬವರು 1946-47ರ ಫೈನಲ್‌ನಲ್ಲಿ ಹೊಡೆದ 319ರ ದಾಖಲೆ ಅಲ್ಲಿಗೆ ಮುರಿಯಿತು. ನಾಯಕ ವಿನಯ್ ಕುಮಾರ್ ಕೂಡ ನೂರು ದಾಟಿದ. ಒಟ್ಟು 762. ತಮಿಳುನಾಡು ಎರಡನೆಯ ಸಲ 411 ಮಾಡಿತಾದರೂ ಸಾಲಲಿಲ್ಲ. ಇನಿಂಗ್ಸ್ ಮತ್ತು 217 ರನ್ನುಗಳಿಂದ ಗೆದ್ದ ಕರ್ನಾಟಕಕ್ಕೆ ಅದು ಎಂಟನೆಯ ರಣಜಿ ಪ್ರಶಸ್ತಿ. ಸ್ಕೋರು ಕೇಳಲು ಸುಲಿತದ ಹೆಂಗಸರೂ ಕಿಟಕಿಯ ಬಳಿ ಬರುತ್ತಿದ್ದರು.

ಈ ಗೆಲುವು ನೋಡಿ ಆಕೆ ಡೋಸಿಗೆ ಒಪ್ಪಿದಳೆಂದು ಬರೆದರೆ ಕಥೆ ಚೆಂದವಾಗುತ್ತದೆ, ಆದರೆ ಸುಳ್ಳಾಗುತ್ತದೆ. ಆಕೆ ಒಪ್ಪಿದ್ದು ಕಾಗದದಲ್ಲಿ ಏನಿದೆ ಎಂದು ತಿಳಿದ ಮೇಲೆ, ನಾಯರ್ ಇನ್ನೂ ನೂರು ಮಾಡುವುದಕ್ಕೆ ಮೊದಲೇ. ವೈದ್ಯರಿಗೆ ತಾನೇ ಫೋನ್ ಮಾಡಿಸಿ, ಕಣದ ಮೂಲೆಯವರೆಗೆ ನಡೆದು ಬಂದು ಮಾತಾಡಿದಳು. ಉಳಿದ ಎರಡು ಡೋಸು, ರೇಡಿಯೇಷನ್ ಎಲ್ಲ ಮುಗಿಯಿತು. ಹತ್ತು ವರ್ಷದ ಮೇಲಾಯಿತು. ವರ್ಷಕ್ಕೊಮ್ಮೆ ತಪಾಸಣೆಗೆ ಹೋಗಿ ಬರುತ್ತೇವೆ.

ಬಾಂಧವರಲ್ಲಿ ಅರಿಕೆ

ಆಟದಿಂದ ಕಾಯಿಲೆ ಗುಣವಾಗುವುದಿಲ್ಲ. ನಮ್ಮ ತಂಡ ಸೋತ ವರ್ಷಗಳಲ್ಲೂ ಜನ ಗುಣವಾಗಿದ್ದಾರೆ. ಗೆದ್ದ ವರ್ಷಗಳಲ್ಲೂ ನಮ್ಮ ಊರಿನಲ್ಲಿ ಸಾವಾಗಿದೆ. ಆದರೆ ಗಂಡಹೆಂಡಿರು ದಿನಕ್ಕೆ ಹತ್ತು ಸಲ ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಇದ್ದ ಹಾಗೆ ಹೇಳಿಕೊಳ್ಳುವ ರೂಢಿ ನಮಗೆ ಆಟದಿಂದ ಬಂತು. ದೊಡ್ಡ ಮಾತು ಹೇಳಬೇಕಾಗಿ ಬಂದ ದಿನ ಆ ರೂಢಿ ಕೈಹಿಡಿಯಿತು. ನಿಮ್ಮ ಮನೆಯಲ್ಲಿ ಅದು ಕ್ರಿಕೆಟ್ ಆಗದೆ ಹಾಕಿಯೋ ಕಬಡ್ಡಿಯೋ ಯಕ್ಷಗಾನ ಮೇಳವೋ ಆಗಿರಬಹುದು.

ಇನ್ನೆರಡು ಮಾತು. ಗಂಟು ನೋಯುವುದಿಲ್ಲವೆಂದು ಮನೆಯ ಹೆಂಗಸರು ಸುಮ್ಮನಿರಬಾರದು, ಕೊಯ್ಲು ಮುಗಿಯಲಿ ಎಂದು ಕಾಯಲೂಬಾರದು. ಕೀಮೋ ನಡೆಯುತ್ತಿರುವವರಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರ ನೋಡುವ ಕಡ್ಡಿಯೊಂದು ಮನೆಯಲ್ಲಿರಲಿ.

ಆ ವರ್ಷದ ಲೆಕ್ಕದ ಪುಸ್ತಕ ಈಗಲೂ ನಮ್ಮಲ್ಲಿದೆ. ಬಲಪುಟದಲ್ಲಿ ‘84ಕ್ಕೆ 5’ ಎಂದಿರುವ ಕೆಳಗೆ ಆಕೆಯದೇ ಅಕ್ಷರದಲ್ಲಿ, ‘ಗ್ರಂಥಿ 2, ಡೋಸು ಬಾಕಿ 2’ ಎಂದಿದೆ.