ಕೈ ಎತ್ತಲು ಬಿಡದ ಹೆಗಲು ನೋವು: ಎಣ್ಣೆ ತಿಕ್ಕುತ್ತಾ ದಿನ ದೂಡಬೇಡಿ

2023ರ ಜನವರಿಯಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದ ಅರಿಶಿನ ಕುಂಕುಮ ಕಾರ್ಯಕ್ರಮ. ಸಭಾಗೃಹದ ಬಾಗಿಲಲ್ಲಿ ನಿಂತು ಬಂದವರ ಹಣೆಗೆ ಕುಂಕುಮ ಹಚ್ಚುವ ಕೆಲಸ ಪ್ರತಿವರ್ಷದಂತೆ ನನ್ನ ಪಾಲಿಗೆ ಬಂದಿತ್ತು. ಹತ್ತು ಹನ್ನೆರಡು ಮಂದಿಗೆ ಹಚ್ಚುವಷ್ಟರಲ್ಲಿ ಬಲಗೈ ಮೇಲೇಳದಾಯಿತು. ಎಡಗೈಯಿಂದ ಬಲ ಮೊಣಕೈಯನ್ನು ಎತ್ತಿ ಹಿಡಿದು ಕುಂಕುಮ ಇಡುತ್ತಿದ್ದುದನ್ನು ಗಮನಿಸಿದ ಹಿರಿಯರೊಬ್ಬರು, "ಎಂತ ಮಾರಾಯ್ತಿ, ಕೈ ಮುರಿದಿದೆಯಾ?" ಎಂದು ಕೇಳಿಯೇಬಿಟ್ಟರು.

ಕೈ ಮುರಿದಿರಲಿಲ್ಲ. 2022ರ ನವರಾತ್ರಿಯ ಹೊತ್ತಿಗೆ ಸಣ್ಣದಾಗಿ ಆರಂಭವಾದ ನೋವು ಅದು. ಡೊಂಬಿವಲಿಯಿಂದ ಫೋರ್ಟಿಗೆ ಮೂವತ್ತು ವರ್ಷ ಲೋಕಲ್ ಗಾಡಿಯಲ್ಲಿ ಮೇಲಿನ ಹಿಡಿಕೆ ಹಿಡಿದು ನಿಂತೇ ಓಡಾಡಿದವಳಿಗೆ ಹೆಗಲು ನೋವು ಒಂದು ದೊಡ್ಡ ಸಂಗತಿಯೇ ಎಂದುಕೊಂಡಿದ್ದೆ. ಆದರೆ ದಿನ ಕಳೆದಂತೆ ಜಡೆ ಹೆಣೆಯುವುದು, ರವಿಕೆ ತೊಡುವುದು, ಅಡುಗೆಮನೆಯ ಮೇಲಿನ ಹಲಗೆಯಿಂದ ಡಬ್ಬಿ ಇಳಿಸುವುದು ಒಂದೊಂದಾಗಿ ಕೈತಪ್ಪಿದವು. ಎಲ್ಲಕ್ಕಿಂತ ಕಷ್ಟವಾದುದು ರಾತ್ರಿ. ಆ ಬದಿಗೆ ಹೊರಳಿದರೆ ಸಾಕು, ಎಚ್ಚರವಾಗಿ ಎದ್ದು ಕೂರಬೇಕಿತ್ತು.

ನಮ್ಮವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಊರಿನಿಂದ ತೈಲ ತರಿಸಿ ತಿಕ್ಕಿದೆ. ಬಿಸಿನೀರಿನ ಶಾಖ ಕೊಟ್ಟೆ. ಔಷಧಿ ಅಂಗಡಿಯವನು ಕೊಟ್ಟ ನೋವಿನ ಗುಳಿಗೆಯನ್ನು ವಾರಗಟ್ಟಲೆ ನುಂಗಿದೆ. ಯಾರದೋ ಮಾತು ಕೇಳಿ ಒಬ್ಬರು ಮಾಲೀಸಿನವರ ಬಳಿಗೂ ಹೋದೆ. ಅವರು ಕೈಯನ್ನು ಹಿಡಿದು ಜಗ್ಗಿದಾಗ ಕಣ್ಣು ಕತ್ತಲೆ ಬಂತು. ಆಮೇಲೆ ಒಂದು ವಾರ ತುತ್ತು ಎತ್ತಲೂ ಆಗಲಿಲ್ಲ. ಹೀಗೆ ಐದಾರು ತಿಂಗಳು ಕಳೆದು ಮಾರ್ಚ್ ತಿಂಗಳಲ್ಲಿ ಮಗಳ ಒತ್ತಾಯಕ್ಕೆ ಮೂಳೆ ತಜ್ಞರನ್ನು ಕಂಡೆ.

ಏನಿದು 'ಫ್ರೋಜನ್ ಶೋಲ್ಡರ್'?

ವೈದ್ಯರು ಮೊದಲು ನನಗೇ ಕೈ ಎತ್ತಲು ಹೇಳಿದರು. ನಂತರ ತಾವೇ ಹಿಡಿದು ಎತ್ತಿ ನೋಡಿದರು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಿದರು. ಎಲ್ಲಿಯೂ ಕೈ ಒಂದು ಮಿತಿಯಿಂದ ಆಚೆಗೆ ಹೋಗಲಿಲ್ಲ. ಎಕ್ಸ್‌ರೇಯಲ್ಲಿ ಏನೂ ದೋಷವಿರಲಿಲ್ಲ. 'ಫ್ರೋಜನ್ ಶೋಲ್ಡರ್, ಅಂದರೆ ಹೆಪ್ಪುಗಟ್ಟಿದ ಹೆಗಲು' ಎಂದರು.

ಹೆಗಲ ಕೀಲನ್ನು ಸುತ್ತುವರಿದ ಒಂದು ತೆಳುವಾದ ಚೀಲವಿದೆ. ಅದು ಉರಿಯೂತದಿಂದ ದಪ್ಪವಾಗಿ, ಕುಗ್ಗಿ, ಕೀಲನ್ನು ಬಿಗಿಯಾಗಿ ಕಟ್ಟಿಹಾಕುವುದೇ ಈ ಬೇನೆ. ಈ ಹೆಸರನ್ನು ರೂಢಿಗೆ ತಂದವರು ಅಮೆರಿಕದ ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್, 1934ರಲ್ಲಿ. ಹೆಚ್ಚಾಗಿ 40ರಿಂದ 60 ವರ್ಷದೊಳಗಿನವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಕಾಣಿಸಿಕೊಳ್ಳುವುದರಿಂದ ಜಪಾನಿನಲ್ಲಿ ಇದನ್ನು 'ಐವತ್ತರ ಹೆಗಲು' ಎಂದೇ ಕರೆಯುತ್ತಾರೆ. ನಮ್ಮ ಆಯುರ್ವೇದವೂ ತೋಳನ್ನು ಎತ್ತಲಾಗದ ಇಂಥ ಬೇನೆಯನ್ನು 'ಅವಬಾಹುಕ' ಎಂದು ಗುರುತಿಸಿದೆ.

ಇದಕ್ಕೆ ಮೂರು ಹಂತಗಳು. ಮೊದಲಿನದು ನೋವು ಏರುತ್ತಾ ಹೋಗುವ ಕಾಲ. ಎರಡನೆಯದರಲ್ಲಿ ನೋವು ತುಸು ಇಳಿದರೂ ಕೈ ಬಿಗಿದೇ ಇರುತ್ತದೆ. ಮೂರನೆಯದರಲ್ಲಿ ಬಿಗಿತ ನಿಧಾನವಾಗಿ ಸಡಿಲುತ್ತದೆ. ಒಂದೊಂದು ಹಂತಕ್ಕೂ ತಿಂಗಳುಗಳೇ ಬೇಕು; ಒಟ್ಟಾರೆ ಒಂದರಿಂದ ಮೂರು ವರ್ಷ ಹಿಡಿಯುವುದುಂಟು. ಕೆಲವರಲ್ಲಿ ಸ್ವಲ್ಪ ಬಿಗಿತ ಕೊನೆಗೂ ಉಳಿಯುತ್ತದೆ.

ಸಕ್ಕರೆಯ ನಂಟು

"ಸಕ್ಕರೆ ಪರೀಕ್ಷೆ ಮಾಡಿಸಿದ್ದೀರಾ?" ಎಂದು ವೈದ್ಯರು ಕೇಳಿದಾಗ ಹೆಗಲಿಗೂ ಸಕ್ಕರೆಗೂ ಎಲ್ಲಿಯ ಸಂಬಂಧ ಎನಿಸಿತು. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 8.2 ಬಂತು. 6.5 ಮತ್ತು ಅದಕ್ಕಿಂತ ಮೇಲೆ ಬಂದರೆ ಮಧುಮೇಹ. ನನಗೆ ಮಧುಮೇಹವಿದೆ ಎಂಬುದನ್ನು ಮೊದಲು ಹೇಳಿದ್ದೇ ಈ ಹೆಗಲು! ಮಧುಮೇಹ ಇರುವವರಲ್ಲಿ ಈ ಬೇನೆ ಇತರರಿಗಿಂತ ಹಲವು ಪಟ್ಟು ಹೆಚ್ಚು, ಗುಣವಾಗುವುದೂ ನಿಧಾನ. ಥೈರಾಯ್ಡ್ ತೊಂದರೆ ಇರುವವರಲ್ಲೂ, ಮುರಿತ ಅಥವಾ ಶಸ್ತ್ರಕ್ರಿಯೆಯ ಬಳಿಕ ಬಹುಕಾಲ ಕೈ ಆಡಿಸದೆ ಇದ್ದವರಲ್ಲೂ ಇದರ ಸಾಧ್ಯತೆ ಹೆಚ್ಚು.

ಚಿಕಿತ್ಸೆ ಎಂತು?

ಕೀಲಿನೊಳಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸ್ಟೀರಾಯ್ಡ್ ಎಂದೊಡನೆ ಹೆದರಿದ್ದೆ. ನೋವು ಜೋರಾಗಿರುವ ಆರಂಭದ ತಿಂಗಳುಗಳಲ್ಲಿ ಇದು ಹೆಚ್ಚು ಉಪಕಾರಿ, ಆದರೆ ಮಧುಮೇಹಿಗಳಲ್ಲಿ ಕೆಲವು ದಿನ ಸಕ್ಕರೆ ಏರುವುದರಿಂದ ಪರೀಕ್ಷಿಸುತ್ತಿರಬೇಕು ಎಂದು ವೈದ್ಯರು ತಿಳಿಸಿ ಹೇಳಿದರು. ಹದಿನೈದು ದಿನದಲ್ಲಿ ರಾತ್ರಿ ನಿದ್ದೆ ಮರಳಿತು. ಆಮೇಲಿನದ್ದೆಲ್ಲ ಫಿಸಿಯೋಥೆರಪಿಯ ಕೆಲಸ.

ವ್ಯಾಯಾಮಗಳು ನೋಡಲು ಮಕ್ಕಳಾಟದಂತೆ. ಮೇಜಿಗೆ ಒಂದು ಕೈ ಊರಿ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ತೂಗುವುದು. ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸುವುದು. ಬೆನ್ನ ಹಿಂದೆ ಬೈರಾಸು ಹಿಡಿದು ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಎಳೆಯುವುದು. ಸ್ವಲ್ಪ ಎಳೆತ ಇರಬೇಕು, ಜೀವ ಹೋಗುವ ನೋವು ಇರಬಾರದು. ನೋವಿನ ಹಂತದಲ್ಲಿ ಬಲವಂತವಾಗಿ ಜಗ್ಗಿದರೆ ಉರಿಯೂತ ಕೆರಳುತ್ತದೆ. ಮಾಲೀಸಿನವರ ಬಳಿ ನನಗಾದುದು ಅದೇ.

ಇಷ್ಟಕ್ಕೂ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ಕೈಯನ್ನು ಸಡಿಲಿಸುವ ಅಥವಾ ದೂರ್ಬೀನಿನ ಮೂಲಕ ಆ ಚೀಲವನ್ನು ಬಿಡಿಸುವ ಶಸ್ತ್ರಕ್ರಿಯೆಗಳಿವೆ. ಬ್ರಿಟನ್ನಿನಲ್ಲಿ 503 ರೋಗಿಗಳನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡನ್ನೂ ಇಂಜೆಕ್ಷನ್ ಸಹಿತವಾದ ಫಿಸಿಯೋಥೆರಪಿಯೊಂದಿಗೆ ಹೋಲಿಸಿತ್ತು. ಒಂದು ವರ್ಷದ ಬಳಿಕ ಯಾವುದೂ ಇನ್ನೊಂದಕ್ಕಿಂತ ಗಣನೀಯವಾಗಿ ಮೇಲು ಎನಿಸಲಿಲ್ಲ. ಆದ್ದರಿಂದ ಶಸ್ತ್ರಕ್ರಿಯೆಗೆ ಅವಸರ ಮಾಡುವ ಮೊದಲು ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ಒಳಿತು.

ಎಲ್ಲ ಹೆಗಲು ನೋವೂ ಒಂದೇ ಅಲ್ಲ

ನಮ್ಮ ಕಟ್ಟಡದ ಕೆಳಗಿನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಊರಿನ ಅಣ್ಣ ಒಬ್ಬರಿದ್ದಾರೆ. ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿ ಬಿದ್ದ ಮೇಲೆ ಅವರಿಗೂ ಕೈ ಏಳುತ್ತಿರಲಿಲ್ಲ. "ಅಕ್ಕಾ, ಧಣಿಗಳಿಗೆ ಹೇಳಬೇಡಿ, ಕೆಲಸ ಹೋದೀತು" ಎಂದು ಎಡಗೈಯಲ್ಲೇ ಸೌಟು ಹಿಡಿದು ಎರಡು ತಿಂಗಳು ದೂಡಿದ್ದರು. ನನ್ನ ವ್ಯಾಯಾಮಗಳನ್ನೇ ತನಗೂ ಹೇಳಿಕೊಡಿ ಎಂದರು. ನಾನು ಒಪ್ಪದೆ ಮಹಾನಗರಪಾಲಿಕೆಯ ಆಸ್ಪತ್ರೆಗೆ ಕಳುಹಿಸಿದೆ. ಅಲ್ಲಿ ವೈದ್ಯರು ಎತ್ತಿದರೆ ಅವರ ಕೈ ಪೂರ್ತಿ ಮೇಲೇಳುತ್ತಿತ್ತು, ತಾವಾಗಿ ಎತ್ತಲು ಮಾತ್ರ ಆಗುತ್ತಿರಲಿಲ್ಲ. ಹೆಗಲನ್ನು ಹಿಡಿದಿರುವ ಸ್ನಾಯುರಜ್ಜು ಹರಿದಿತ್ತು. ಅದರ ಚಿಕಿತ್ಸೆಯೇ ಬೇರೆ, ತಡವಾದಷ್ಟೂ ಜೋಡಿಸುವುದು ಕಷ್ಟ. ಕೊನೆಗೆ ವಿಷಯ ತಿಳಿದ ಧಣಿಗಳೇ ಮೂರು ತಿಂಗಳು ಅವರನ್ನು ಗಲ್ಲೆಯಲ್ಲಿ ಕೂರಿಸಿದರು.

ನೋವು ಕುತ್ತಿಗೆಯಿಂದ ಹೊರಟು ಮೊಣಕೈ ದಾಟಿ ಬೆರಳಿಗೆ ಜೋಮು ಹಿಡಿಸಿದರೆ ಮೂಲ ಕುತ್ತಿಗೆಯಲ್ಲಿರಬಹುದು. ಎದೆ ಬಿಗಿತ, ಬೆವರು, ಉಸಿರುಕಟ್ಟುವಿಕೆಯೊಂದಿಗೆ ಹೆಗಲು, ತೋಳು ನೋಯತೊಡಗಿದರೆ ಅದು ಹೃದಯದ ಸೂಚನೆ. ತೈಲ ಹುಡುಕದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರ, ಊತ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೂ ತಡಮಾಡಬಾರದು.

ಖರ್ಚಿಗೆ ಹೆದರುವವರು ಗಮನಿಸಬೇಕಾದ ಸಂಗತಿಯೆಂದರೆ, ಪರೇಲಿನ ಕೆಇಎಂ, ಸಯಾನ್, ನಾಯರ್ ಮುಂತಾದ ಪಾಲಿಕೆ ಆಸ್ಪತ್ರೆಗಳಲ್ಲಿ ಮೂಳೆ ಹಾಗೂ ಫಿಸಿಯೋಥೆರಪಿ ವಿಭಾಗಗಳಿವೆ. ಹಾಜಿ ಅಲಿಯಲ್ಲಿ ಅಂಗ ಪುನಶ್ಚೇತನಕ್ಕೆಂದೇ ಕೇಂದ್ರ ಸರಕಾರದ ಸಂಸ್ಥೆಯಿದೆ. ಇಎಸ್‌ಐ ವ್ಯಾಪ್ತಿಯಲ್ಲಿರುವ ಹೋಟೆಲ್ ಕಾರ್ಮಿಕರು ಆ ಸೌಲಭ್ಯವನ್ನೂ ಬಳಸಿಕೊಳ್ಳಬಹುದು.

ನಮ್ಮ ಸಂಘ ಸಂಸ್ಥೆಗಳು ವರ್ಷಕ್ಕೊಮ್ಮೆ ನಡೆಸುವ ವೈದ್ಯಕೀಯ ಶಿಬಿರಗಳಲ್ಲಿ ಕಣ್ಣು, ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಇದ್ದೇ ಇರುತ್ತದೆ. ಅದರೊಂದಿಗೆ ಒಬ್ಬ ಫಿಸಿಯೋಥೆರಪಿಸ್ಟರನ್ನೂ ಕರೆಸಿದರೆ ನೋವನ್ನು ಮುಚ್ಚಿಟ್ಟು ದುಡಿಯುವ ಎಷ್ಟೋ ಬಂಧುಗಳಿಗೆ ದಾರಿ ತೋರಿದಂತಾಗುತ್ತದೆ. ಹೋಟೆಲ್ ಮಾಲಕ ಬಾಂಧವರೂ ತಮ್ಮಲ್ಲಿ ದುಡಿಯುವವರನ್ನು ಆ ದಿನ ಒಂದು ಗಂಟೆ ಬಿಟ್ಟು ಕಳುಹಿಸಲಿ.

ನನ್ನ ಕೈ ಸರಿಹೋಗಲು 2024ರ ನವರಾತ್ರಿಯವರೆಗೆ, ಅಂದರೆ ಸರಿಯಾಗಿ ಎರಡು ವರ್ಷ ಬೇಕಾಯಿತು. ಬೆನ್ನ ಹಿಂದಕ್ಕೆ ಇನ್ನೂ ಪೂರ್ತಿ ಹೋಗುವುದಿಲ್ಲ, ಸಕ್ಕರೆಯ ಗುಳಿಗೆ ತಪ್ಪಿಲ್ಲ. ಆದರೆ 2025ರ ಅರಿಶಿನ ಕುಂಕುಮದ ದಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಬಲಗೈಯಿಂದಲೇ ಕುಂಕುಮ ಹಚ್ಚಿದೆ. ಅವರಲ್ಲಿ ಇಬ್ಬರು ಪಕ್ಕಕ್ಕೆ ಕರೆದು, "ನಮಗೂ ಹೆಗಲು ನೋವು, ನೀವು ಯಾವ ಎಣ್ಣೆ ಹಚ್ಚಿದಿರಿ?" ಎಂದು ಕೇಳಿದರು. ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ, ಆಮೇಲೆ ವೈದ್ಯರಿಗೆ ತೋರಿಸಿ ಎಂದು ಹೇಳಿ ಕಳುಹಿಸಿದೆ.