ಶಟರು ಅರ್ಧ ಇಳಿದ ಭಾನುವಾರ

ತುಮಕೂರಿನ ಚಿಕ್ಕಪೇಟೆಯ ಒಳಗಲ್ಲಿಯೊಂದರಲ್ಲಿ ಒಂದು ಸಣ್ಣ ಟೈಲರ್ ಅಂಗಡಿಯಿದೆ. ವಾರವೆಲ್ಲ ಅಲ್ಲಿ ಪ್ಯಾಂಟಿನ ಉದ್ದ ಕಡಿಮೆ ಮಾಡುವ, ಜಿಪ್ ಬದಲಿಸುವ, ಸೀರೆಗೆ ಫಾಲ್ ಹಚ್ಚುವ ಕೆಲಸ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಶಟರು ಅರ್ಧಕ್ಕೆ ಇಳಿಯುತ್ತದೆ. ಆಮೇಲೆ ಬಗ್ಗಿ ಒಳಗೆ ಹೋಗುವವರೆಲ್ಲ ಅರವತ್ತು ದಾಟಿದ ಗಂಡಸರು. ಬಗ್ಗುವಾಗ ಕೈ ಕಿಬ್ಬೊಟ್ಟೆಗೆ ಹೋದರೆ ಹೊಸಬರು, ಸಲೀಸಾಗಿ ನುಸುಳಿದರೆ ಹಳಬರು.

ಎಲ್ಲರೂ ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡವರು. ಇದು ಸಂಘವಲ್ಲ. ಬೋರ್ಡಿಲ್ಲ, ರಿಜಿಸ್ಟ್ರೇಷನ್ನಿಲ್ಲ, ಗ್ರೂಪ್ ಫೋಟೊ ಅಂತೂ ಇಲ್ಲವೇ ಇಲ್ಲ. “ಹೆಸರು ಹಾಕೋದಾದ್ರೆ ಬರೀಲೇಬೇಡ ತಾಯಿ, ನನ್ನ ಸೊಸೆ ಪೇಪರ್ ಓದ್ತಾಳೆ” ಎಂದವರು ಟೈಲರ್. ಹಾಗಾಗಿ ಈ ಬರಹದಲ್ಲಿ ಅವರು ಟೈಲರ್ ಅಣ್ಣ, ಅಷ್ಟೇ. ಅಂಗಡಿ ಯಾವುದೆಂದೂ ಹೇಳುವಂತಿಲ್ಲ.

ನಾನು ಆ ಗಲ್ಲಿಗೆ ಹೋದದ್ದು ದೊಡ್ಡಪ್ಪನ ಜೊತೆಗೆ. ಗುಬ್ಬಿ ತಾಲ್ಲೂಕಿನಲ್ಲಿ ಅವರದು ಅಡಿಕೆ ತೋಟ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಡಿಸ್ಚಾರ್ಜ್ ದಿನ ಕೈಗೆ ಬಂದದ್ದು ಇಂಗ್ಲಿಷಿನ ನಾಲ್ಕು ಹಾಳೆ, ಒಂದು ಪೈಪು, ಪೈಪಿನ ತುದಿಗೆ ಒಂದು ಚೀಲ. ಪೈಪು ತೆಗೆದ ಮೇಲೆ ಮೂತ್ರ ನಿಲ್ಲುವುದಿಲ್ಲ, ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಬಟ್ಟೆ ಒದ್ದೆಯಾಗುತ್ತದೆ, ಇದು ಹಲವು ತಿಂಗಳು ಇರಬಹುದು ಎಂಬ ಮಾತನ್ನು ಯಾರೂ ಅವರ ಕಿವಿಗೆ ಬೀಳುವಂತೆ ಹೇಳಲಿಲ್ಲ. ಹೇಳಿದ್ದರೂ ಆ ಗಾಬರಿಯಲ್ಲಿ ಕೇಳಿಸಿರಲಿಕ್ಕಿಲ್ಲ ಅನ್ನಿ. ಗುಬ್ಬಿ ಚನ್ನಬಸವೇಶ್ವರನ ಜಾತ್ರೆಯನ್ನು ಒಂದು ವರ್ಷವೂ ತಪ್ಪಿಸದ ಮನುಷ್ಯ ತೋಟಕ್ಕೂ ಹೋಗುವುದನ್ನು ಬಿಟ್ಟರು. “ಯಾರನ್ನೂ ಮನೆಗೆ ಕರೀಬೇಡ ಅಂತಾರೆ ಕಣೆ, ವಾಸನೆ ಬರುತ್ತಂತೆ” ಎಂದು ದೊಡ್ಡಮ್ಮ ಫೋನಿನಲ್ಲಿ ಅತ್ತರು. ದಾರಿ ತೋರಿಸಿದ್ದು ಡಾಕ್ಟರಲ್ಲ, ಡೈಪರ್ ಮಾರುತ್ತಿದ್ದ ಮೆಡಿಕಲ್ ಸ್ಟೋರಿನ ಹುಡುಗ: “ತುಮಕೂರಲ್ಲಿ ಒಬ್ರು ಟೈಲರ್ ಇದಾರೆ, ಒಂದ್ಸಲ ಹೋಗ್ಬನ್ನಿ.”

ಹೆಂಗಸಾದ ನನಗೆ ಶಟರಿನ ಒಳಗೆ ಪ್ರವೇಶವಿರಲಿಲ್ಲ. ಹೊರಗೆ ಒಂದು ಸ್ಟೂಲು ಹಾಕಿಕೊಟ್ಟರು. ಮುಂದಿನದರಲ್ಲಿ ಅರ್ಧ ಆ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡದ್ದು, ಇನ್ನರ್ಧ ಶಟರು ಪೂರ್ತಿ ಎತ್ತಿದ ಮೇಲೆ ಟೈಲರ್ ಅಣ್ಣ ಬಾಯಿಬಿಟ್ಟು ಹೇಳಿದ್ದು.

ಚೀಲಕ್ಕೊಂದು ಚೀಲ

ಪ್ರಾಸ್ಟೇಟ್ ಎಂದರೆ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಬಳಸಿ ಕೂತಿರುವ ಗ್ರಂಥಿ. ಗುಬ್ಬಿಯವರಿಗೆ ಹೇಳುವುದಾದರೆ ಹೆಚ್ಚುಕಡಿಮೆ ಸಿಪ್ಪೆ ಸಮೇತದ ಹಣ್ಣಡಿಕೆಯಷ್ಟು. ಕ್ಯಾನ್ಸರಿಗಾಗಿ ಅದನ್ನು ಪೂರ್ತಿ ತೆಗೆದಾಗ ಮೂತ್ರನಾಳವನ್ನು ಕತ್ತರಿಸಿ ಮೂತ್ರಕೋಶಕ್ಕೆ ಮತ್ತೆ ಹೊಲಿಯಬೇಕು. “ನಡುವಿನ ಪೀಸ್ ಕಿತ್ತುಹಾಕಿ ಎರಡು ತುದಿ ಜೋಡಿಸ್ತಾರೆ. ಜಾಯಿಂಟ್ ಗಟ್ಟಿಯಾಗೋವರೆಗೂ ಎಳೆದಾಡಬಾರದು, ಅದಕ್ಕೇ ಪೈಪು” ಎಂದು ಟೈಲರ್ ಅಣ್ಣ ಟೇಪು ಕುತ್ತಿಗೆಗೆ ಹಾಕಿಕೊಂಡೇ ವಿವರಿಸಿದರು. ಆಸ್ಪತ್ರೆಯ ನಾಲ್ಕು ಹಾಳೆಗಿಂತ ಇದು ನನಗೆ ಬೇಗ ತಿಳಿಯಿತು.

ಆ ಪೈಪು ಸಾಮಾನ್ಯವಾಗಿ ಒಂದೆರಡು ವಾರ ಇರುತ್ತದೆ. ಅಷ್ಟು ದಿನ ಹೋದಲ್ಲೆಲ್ಲ ಎರಡು ಲೀಟರಿನ ಪಾರದರ್ಶಕ ಚೀಲವೂ ಜೊತೆಗೆ ಬರಬೇಕು. ಮೆಲ್ಲಗೆ ಓಡಾಡಿ ಎಂದು ಡಾಕ್ಟರು ಹೇಳಿರುತ್ತಾರೆ, ಆದರೆ ಬೀದಿಯಲ್ಲಿ ಅದನ್ನು ಹಿಡಿದು ಓಡಾಡುವ ಧೈರ್ಯ ಯಾರಿಗಿದೆ? ಕೆಲವರು ತರಕಾರಿ ಕವರಿನಲ್ಲಿ ಇಟ್ಟುಕೊಳ್ಳುತ್ತಾರೆ. ತಮ್ಮ ಸರದಿ ಬಂದಾಗ ಟೈಲರ್ ಅಣ್ಣ ಶರ್ಟಿನ ಕಟ್‌ಪೀಸಿನಿಂದ ಅದಕ್ಕೊಂದು ಹೊರಚೀಲ ಹೊಲಿದುಕೊಂಡರು.

ಮೊದಲನೆಯದು ಕೆಟ್ಟಿತು. ಶಾಲೆ ಚೀಲದ ಹಾಗೆ ಗಿಡ್ಡ ಪಟ್ಟಿ ಇಟ್ಟು ಹೆಗಲಿಗೆ ಹಾಕಿಕೊಂಡರೆ ಚೀಲ ಕಂಕುಳಿಗೆ ಬಂತು. ನೀರು ಮೇಲಕ್ಕೆ ಹರಿಯುತ್ತದೆಯೇ? ಮೂತ್ರಕೋಶಕ್ಕಿಂತ ಚೀಲ ಸದಾ ಕೆಳಗೇ ಇರಬೇಕು, ಮೇಲೆ ಹೋದರೆ ಮೂತ್ರ ಹಿಂದಕ್ಕೆ ಹರಿದು ಸೋಂಕಾಗುತ್ತದೆ ಎಂದು ನರ್ಸಮ್ಮ ಬೈದರಂತೆ. ಎರಡನೆಯದರಲ್ಲಿ ಪಟ್ಟಿ ಉದ್ದವಾಗಿ ಚೀಲ ಮಂಡಿಯ ಹತ್ತಿರಕ್ಕೆ ಇಳಿಯಿತು, ಆದರೆ ಖಾಲಿ ಮಾಡಲು ಪ್ರತಿಸಲ ಹೊರಗೆ ತೆಗೆಯಬೇಕಿತ್ತು. ಮೂರನೆಯದಕ್ಕೆ ತಳದಲ್ಲಿ ಸೀಳು ಬಿಟ್ಟು, ಅಂಚು ಮಡಿಸಿ ಹೊಲಿದು, ನಲ್ಲಿಯಷ್ಟೇ ಹೊರಗೆ ಬರುವಂತೆ ಮಾಡಿದರು. ಮೂತ್ರದ ಬಣ್ಣ ಕೆಂಪಾಯಿತೇ ಎಂದು ಆಗಾಗ ನೋಡಬೇಕಲ್ಲ, ಅದಕ್ಕೆ ಮುಂಭಾಗದಲ್ಲಿ ಟಿಚ್ ಬಟನ್ನಿನ ಮುಚ್ಚಳ. ಪೈಪು ಮಡಿಚಿಕೊಳ್ಳದಂತೆ ಪಕ್ಕದಲ್ಲಿ ಲಾಡಿಯ ಎರಡು ಕುಣಿಕೆ. ಇಂದಿಗೂ ಅದೇ ಮಾದರಿ.

ಒಂದನ್ನು ಕೈಗೆ ಕೊಟ್ಟರು. ನೀಲಿ ಚೌಕುಳಿ ಬಟ್ಟೆ, ಒಳಗೆ ಹಳೆ ಪಂಚೆಯ ಅಸ್ತರು. ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ಉಗುರು ಹಾಕಿ ಎಳೆದರೂ ಬಿಡಲಿಲ್ಲ. ನೋಡಿದವರು ಎಲೆಅಡಿಕೆ ಚೀಲ ಅಂದುಕೊಳ್ಳಬೇಕು, ಹಾಗಿದೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಒಂದೇ ಕರಾರು: ಪೈಪು ತೆಗೆದ ಮೇಲೆ ಒಗೆದು ಬಿಸಿಲಿಗೆ ಹಾಕಿ ವಾಪಸ್ ತಂದುಕೊಡಬೇಕು. ಕೊಡಲು ಬಂದವನನ್ನು ಟೈಲರ್ ಅಣ್ಣ ಒಳಗೆ ಕೂರಿಸಿ ಟೀ ತರಿಸುತ್ತಾರೆ. ಗುಂಪು ಬೆಳೆದದ್ದು ಹೀಗೆ. ಉಪಾಯವೆಂದರೆ ಇದಪ್ಪ ಅನ್ನಿಸಿತು ನನಗೆ. ‘ನಿನ್ನ ಕಷ್ಟ ಹೇಳಿಕೋ ಬಾ’ ಎಂದರೆ ನಮ್ಮ ಕಡೆಯ ಯಾವ ಗಂಡಸು ಬರುತ್ತಾನೆ? ಚೀಲ ವಾಪಸ್ ಕೊಡಲು ಬರುತ್ತಾನೆ.

ಬಾಣಂತಿಯ ಪಾಠ

ಒಳಗೆ ನಡೆಯುವ ಮಾತಿನಲ್ಲಿ ಮುಕ್ಕಾಲು ಪಾಲು ವ್ಯಾಯಾಮದ್ದು. ಸೊಂಟದ ತಳದ ಸ್ನಾಯುಗಳನ್ನು ಬಿಗಿಹಿಡಿದು, ಒಂದೈದು ಎಣಿಸಿ, ಪೂರ್ತಿ ಸಡಿಲ ಬಿಡುವುದು. ಹತ್ತು ಸಲ, ದಿನಕ್ಕೆ ಮೂರು ಹೊತ್ತು, ಪೈಪು ತೆಗೆದ ಮೇಲೆಯೇ ಶುರು. ಟೈಲರ್ ಅಣ್ಣನಿಗೆ ಇದು ತಲುಪಿದ ದಾರಿ ಸ್ವಾರಸ್ಯದ್ದು. ಅವರ ಸೊಸೆ ಹೆರಿಗೆಯಾಗಿ ಮನೆಯಲ್ಲಿದ್ದ ಕಾಲ. ಬಾಣಂತಿಯರಿಗೆ ಹೇಳಿಕೊಡುವ ವ್ಯಾಯಾಮವೇ ಮಾವನಿಗೂ ಆಗುತ್ತದೆ ಎಂದು ಆಕೆಗೆ ತಿಳಿಯಿತು. ಮಾವನ ಎದುರು ಹೇಳುವುದು ಹೇಗೆ? ಅತ್ತೆಗೆ ಹೇಳಿದಳು, ಅತ್ತೆ ಗಂಡನಿಗೆ ಹೇಳಿದರು. ಮಾವನ ಅನುಮಾನಗಳು ಅದೇ ದಾರಿಯಲ್ಲಿ ಅಡುಗೆಮನೆಗೆ ಹೋಗಿ ಉತ್ತರದೊಂದಿಗೆ ಬಂದವು. “ಒಂದು ವಾರ ನನ್ನ ಹೆಂಡ್ತಿ ಪೋಸ್ಟ್‌ಮ್ಯಾನ್ ಕೆಲಸ ಮಾಡಿದ್ಲು” ಎಂದು ಟೈಲರ್ ಅಣ್ಣ ನಕ್ಕರು. ಹೊಟ್ಟೆ ಬಿಗಿಯುತ್ತಿದೆಯೇ, ಉಸಿರು ಕಟ್ಟುತ್ತಿದ್ದಾರೆಯೇ ಎಂದು ಸೊಸೆ ಕೇಳಿಸಿದಳಂತೆ. ಎರಡನ್ನೂ ಮಾಡುತ್ತಿದ್ದರು, ಎರಡೂ ತಪ್ಪು.

ಸೊಸೆ ಹೇಳಿದ್ದು ಸರಿಯೇ. ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಈ ವ್ಯಾಯಾಮದ ಬಗ್ಗೆ ಬರೆದದ್ದು ಹೆರಿಗೆಯಾದ ಹೆಂಗಸರಿಗಾಗಿ. ಗಂಡಸರು ಅದನ್ನು ಎರವಲು ಪಡೆದದ್ದು ಆಮೇಲೆ. ರೋಗಿಯ ಬಳಿಗೆ ರೋಗದಿಂದ ಎದ್ದವರನ್ನೇ ಕಳಿಸುವ ಕ್ರಮದ ಹಿಂದೆಯೂ ಹೆಂಗಸೊಬ್ಬಳಿದ್ದಾಳೆ. 1952ರಲ್ಲಿ ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಸ್ತನ ಕ್ಯಾನ್ಸರಿನ ಆಪರೇಷನ್ ಆದ ಮೇಲೆ, ತನ್ನಂಥವರ ಮಂಚದ ಪಕ್ಕಕ್ಕೆ ಒಂದು ಚೆಂಡು, ದಾರ, ತಾತ್ಕಾಲಿಕ ಕೃತಕ ಸ್ತನ ಹಿಡಿದು ಹೋಗಲು ಶುರುಮಾಡಿದರು. ಸರ್ಜನ್ನರಿಗೆ ಅದು ಹಿಡಿಸಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆ ಕೆಲಸವನ್ನು ತನ್ನದಾಗಿಸಿಕೊಂಡಿತು. ಪ್ರಾಸ್ಟೇಟಿನ ಗಂಡಸರು ಶಿಕಾಗೋದಲ್ಲಿ ‘ಅಸ್ ಟೂ’ ಎಂಬ ಗುಂಪು ಕಟ್ಟಿಕೊಂಡದ್ದು 1990ರಲ್ಲಿ. ನಮ್ಮಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ. ಬೆಂಗಳೂರಿನ ಕ್ಯಾನ್ಸರ್ ಲೆಕ್ಕವಿಡುವ ನೋಂದಣಿ 1982ರಿಂದ ನಡೆದುಬಂದಿದೆ, ಗಂಡಸರ ಕ್ಯಾನ್ಸರುಗಳಲ್ಲಿ ಪ್ರಾಸ್ಟೇಟ್ ಅಲ್ಲೀಗ ಮುಂಚೂಣಿಯಲ್ಲಿದೆ. ಟೈಲರ್ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. “ಆ ಅಮ್ಮ ಚೆಂಡು ಯಾಕೆ ತಗೊಂಡು ಹೋಗ್ತಿದ್ರು?” ಎಂದಷ್ಟೇ ಕೇಳಿದರು. ಕೈಯ ವ್ಯಾಯಾಮಕ್ಕೆ ಎಂದೆ. ತಲೆದೂಗಿದರು.

ಕುಣಿಗಲ್ಲಿನಿಂದ ಬರುವವರೊಬ್ಬರು ನಿವೃತ್ತ ಕಂಡಕ್ಟರ್. ಹೆಬ್ಬೂರಿನ ಮೇಲೆ ಬಸ್ಸಿನಲ್ಲೇ ಬರುತ್ತಾರೆ, ಬಾಗಿಲ ಪಕ್ಕದ ಸೀಟಿನಲ್ಲಿ. ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಿದೆ ಎಂದು ವೇಬಿಲ್ ಬರೆದಂತೆ ಸಣ್ಣ ಪುಸ್ತಕದಲ್ಲಿ ಬರೆದಿಟ್ಟವರು ಇವರು. ಮೊದಲ ವಾರ ಆರು, ಎರಡನೇ ತಿಂಗಳು ನಾಲ್ಕು, ಯುಗಾದಿಯ ಹೊತ್ತಿಗೆ ಎರಡು. ದೊಡ್ಡಪ್ಪನಿಗೆ ಧೈರ್ಯ ಬಂದದ್ದು ಆ ಪುಸ್ತಕ ನೋಡಿದ ಮೇಲೆ. ನಡುವೆ ಮೂರಿದ್ದದ್ದು ಮತ್ತೆ ಐದಾದ ವಾರವೂ ಅದರಲ್ಲಿತ್ತು. ಪಕ್ಕದಲ್ಲಿ ‘ಮದುವೆ ಮನೆ, ಕಾಫಿ ಜಾಸ್ತಿ’ ಎಂದು ಷರಾ. ಹೆಚ್ಚಿನವರಿಗೆ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಹತೋಟಿ ಬರುತ್ತದೆ ಎಂದು ಡಾಕ್ಟರೂ ಹೇಳಿದ್ದರು. ಆದರೆ ‘ಹೆಚ್ಚಿನವರು’ ಎಂದರೆ ಯಾರೋ ಎಲ್ಲೋ ಇರುವವರು. ಕಂಡಕ್ಟರು ಎದುರಿಗೇ ಕೂತಿದ್ದರು, ಒಣ ಪ್ಯಾಂಟಿನಲ್ಲಿ.

ಬೆಂಗಳೂರಿನ ದಾರಿಯಲ್ಲಿ ಎಲ್ಲೆಲ್ಲಿ ಶೌಚಾಲಯವಿದೆ, ಯಾವುದಕ್ಕೆ ಬೀಗ ಹಾಕಿರುತ್ತಾರೆ, ದಾಬಸ್‌ಪೇಟೆ ದಾಟಿದ ಮೇಲೆ ಎಲ್ಲಿ ಕೇಳಿದರೆ ಬಿಡುತ್ತಾರೆ ಎಂಬುದೂ ಇವರಿಗೆ ಬಾಯಿಪಾಠ. ಮೂರು ತಿಂಗಳಿಗೊಮ್ಮೆ ಪಿಎಸ್‌ಎ ಎಂಬ ರಕ್ತಪರೀಕ್ಷೆಗೆ ಎಪ್ಪತ್ತು ಕಿಲೋಮೀಟರು ಹೋಗಿಬರುವವರಿಗೆ ಇದು ರಕ್ತದ ರಿಪೋರ್ಟಿನಷ್ಟೇ ಮುಖ್ಯ. ರಿಪೋರ್ಟಿನ ಹಿಂದಿನ ರಾತ್ರಿ ಯಾರಿಗೂ ನಿದ್ದೆ ಬರುವುದಿಲ್ಲವಂತೆ. ಗ್ರಂಥಿಯನ್ನೇ ತೆಗೆದ ಮೇಲೆ ಆ ಅಂಕಿ ಇದ್ದೂ ಇಲ್ಲದಂತಿರಬೇಕು. ಅದು 0.2 ತಲುಪಿ ಅಲ್ಲಿಂದ ಏರತೊಡಗಿದರೆ ಡಾಕ್ಟರ ಹುಬ್ಬೂ ಏರುತ್ತದೆ. ಆ ರಾತ್ರಿ ಕಂಡಕ್ಟರಿಗೆ ಫೋನು ಮಾಡಬಹುದು, ಎಷ್ಟು ಹೊತ್ತಾದರೂ ಎತ್ತುತ್ತಾರೆ.

ಸ್ಟೂಲಿನ ಮೇಲೆ ಕೂತ ನನಗೆ ಕೇಳಿಸದೇ ಹೋದ ಮಾತೂ ಇದೆ. ಅವರ ಭಾಷೆಯಲ್ಲಿ ಅದು ‘ಇನ್ನೊಂದು ವಿಷಯ’. ಅದು ಬಂತೆಂದರೆ ಟೈಲರ್ ಅಣ್ಣ ಬಾಬಿನ್‌ಗೆ ನೂಲು ಸುತ್ತಲು ಕೂರುತ್ತಾರೆ. ಹಳೆಯ ಕಾಲುಮಷಿನ್ನಿನ ಗರ್ರ್ ಸದ್ದಿನಲ್ಲಿ ಗಲ್ಲಿಗೆ ಏನೂ ಕೇಳಿಸುವುದಿಲ್ಲ. ಪ್ರಾಸ್ಟೇಟಿನ ಎರಡು ಮಗ್ಗುಲಿಗೂ ಕೂದಲೆಳೆಯಂಥ ನರಗಳಿವೆ. ಅವನ್ನು ಉಳಿಸಿಕೊಂಡು ಆಪರೇಷನ್ ಮಾಡುವ ಬಗೆಯನ್ನು ಪ್ಯಾಟ್ರಿಕ್ ವಾಲ್ಶ್ ತೋರಿಸಿಕೊಟ್ಟದ್ದು 1982ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಎಲ್ಲರಲ್ಲೂ ಅವು ಉಳಿಯುವುದಿಲ್ಲ, ಉಳಿದರೂ ಚೇತರಿಸಿಕೊಳ್ಳಲು ವರ್ಷವೋ ಎರಡು ವರ್ಷವೋ ಹಿಡಿಯಬಹುದು. ನಾನು ಕೂತಿದ್ದ ಆ ಭಾನುವಾರ ಶಟರು ಎತ್ತಿದಾಗ ಮೇಜಿನ ಮೇಲೆ ಏಳು ಬಾಬಿನ್ ತುಂಬಿದ್ದವು. ಗುಂಪಿನಲ್ಲಿ ಹೊಸಬರಿಬ್ಬರಿದ್ದರು.

ಎಲ್ಲವೂ ಸುಸೂತ್ರ ಎಂದುಕೊಳ್ಳಬೇಡಿ. “ನಂಗೆ ಮೂರೇ ತಿಂಗಳಿಗೆ ನಿಂತೋಯ್ತು” ಎಂದು ಒಬ್ಬರು ಹುರುಪಿನಲ್ಲಿ ಹೇಳಿದ್ದನ್ನು ನಂಬಿ, ನಾಲ್ಕನೇ ತಿಂಗಳೂ ನಿಲ್ಲದಾಗ ಕುಗ್ಗಿಹೋಗಿ ಬರುವುದನ್ನೇ ಬಿಟ್ಟವರಿದ್ದಾರೆ. ಯಾರೋ ಒಮ್ಮೆ ಬೇರಿನ ಕಷಾಯ ತಂದಿದ್ದರು. ಅಂದಿನಿಂದ ಔಷಧಿ ಹೇಳಕೂಡದು, ಆಪರೇಷನ್ ಮಾಡಿಸು ಎಂದಾಗಲಿ ಬೇಡ ಎಂದಾಗಲಿ ಅನ್ನಕೂಡದು ಎಂದು ಕಟ್ಟಪ್ಪಣೆಯಾಗಿದೆ. ಒಳ್ಳೆಯದೇ ಆಯಿತು. ಗ್ರಂಥಿಯಿಂದಾಚೆಗೆ ಹರಡದ ಕ್ಯಾನ್ಸರಿದ್ದ 1,643 ಗಂಡಸರನ್ನು ಬ್ರಿಟನ್ನಿನಲ್ಲಿ ಹದಿನೈದು ವರ್ಷ ಗಮನಿಸಿ 2023ರಲ್ಲಿ ಕೊಟ್ಟ ವರದಿಯ ಪ್ರಕಾರ ಆಪರೇಷನ್, ರೇಡಿಯೇಷನ್, ಬರೀ ನಿಗಾ, ಯಾವ ಗುಂಪಿನಲ್ಲಿದ್ದರೂ ಆ ಕ್ಯಾನ್ಸರಿನಿಂದಲೇ ಸತ್ತವರು ನೂರಕ್ಕೆ ಮೂವರ ಆಸುಪಾಸು. ಆಯ್ಕೆ ಅಷ್ಟು ಸೂಕ್ಷ್ಮವಿರುವಾಗ ಅದು ರೋಗಿ ಮತ್ತು ಡಾಕ್ಟರ ನಡುವೆಯೇ ತೀರ್ಮಾನವಾಗಲಿ. ಆದರೆ ತೀರ್ಮಾನವಾದ ಮೇಲೆ, ಡಿಸ್ಚಾರ್ಜ್ ದಿನ, ಮಂಚದ ಪಕ್ಕದಲ್ಲಿ ಹತ್ತು ನಿಮಿಷ ಕೂರಲು ಇಂಥ ಒಬ್ಬರನ್ನು ಆಸ್ಪತ್ರೆಗಳು ಕರೆಸಿಕೊಳ್ಳಬಾರದೇಕೆ? ಬಸ್ ಚಾರ್ಜು ಕೊಟ್ಟರೆ ಸಾಕು, ಕಂಡಕ್ಟರು ಅದನ್ನೂ ಬೇಡವೆಂದಾರು.

ಈಗೀಗ ಭಾನುವಾರ ಬರುವವರು ಕಡಿಮೆ. ಕಾಲಿಗೆ ಕಟ್ಟಿಕೊಳ್ಳುವ ರೆಡಿಮೇಡ್ ಚೀಲವನ್ನು ಮಕ್ಕಳು ಮೊಬೈಲಿನಲ್ಲೇ ತರಿಸಿಕೊಡುತ್ತಾರೆ, ವ್ಯಾಯಾಮದ ವಿಡಿಯೋ ಕನ್ನಡದಲ್ಲೂ ಸಿಗುತ್ತದೆ. ಶರ್ಟು ಹೊಲಿಸುವವರಿಲ್ಲ, ಹಾಗಾಗಿ ಕಟ್‌ಪೀಸೂ ಇಲ್ಲ. ಟೈಲರ್ ಅಣ್ಣನಿಗೆ ಕಣ್ಣಿನ ಪೊರೆ ಬಂದಿದೆ. ಸೂಜಿಗೆ ನೂಲು ಪೋಣಿಸಲು ಪಕ್ಕದ ಅಂಗಡಿಯ ಹುಡುಗಿಯನ್ನು ಕರೆಯುತ್ತಾರೆ. ಮಗನಿಗೆ ಈ ಕೆಲಸ ಬೇಡ.

ಈಚೆಗೆ ಮತ್ತೆ ಹೋಗಿದ್ದಾಗ, ನಾನು ಹೊರಡುವ ಮುಂಚೆ ಡ್ರಾಯರಿನಿಂದ ಅಳತೆ ಪುಸ್ತಕ ತೆಗೆದರು. ಮೊದಲ ಪುಟಗಳಲ್ಲಿ ಎದೆ, ಸೊಂಟ, ತೋಳು. ಹಿಂದಿನಿಂದ ತಿರುವಿದರೆ ಚೀಲಗಳ ಲೆಕ್ಕ: ಊರು, ಬಟ್ಟೆಯ ಬಣ್ಣ, ವಾಪಸ್ ಬಂದಿದ್ದರೆ ಒಂದು ಟಿಕ್ಕು. ಎಷ್ಟೋ ಸಾಲುಗಳಿಗೆ ಟಿಕ್ಕಿಲ್ಲ. ಹುಷಾರಾಗಿ ಮರೆತರೋ, ಹುಷಾರೇ ಆಗಲಿಲ್ಲವೋ, ಕೇಳಲು ಅವರಿಗೆ ಬಾಯಿ ಬರುವುದಿಲ್ಲ.

“ಗುಬ್ಬಿ, ಕಾಫಿ ಬಣ್ಣ. ನಿಮ್ಮ ದೊಡ್ಡಪ್ಪಂದು ಬರಲೇ ಇಲ್ಲವಲ್ಲ ತಾಯಿ?”

ಅದು ತೋಟದ ಮನೆಯ ಗೂಟಕ್ಕೆ ನೇತಾಡುತ್ತಿದೆ, ಒಳಗೆ ಅವರೆ ಬಿತ್ತನೆ ಬೀಜವಿದೆ, ಕೇಳಿದರೆ ಕೊಡುವುದಿಲ್ಲ ಅನ್ನುತ್ತಾರೆ ಎಂದೆ. ಟೈಲರ್ ಅಣ್ಣ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಆ ಸಾಲಿಗೆ ಟಿಕ್ಕು ಹಾಕಿದರು. ಆಮೇಲೆ ಕನ್ನಡಕ ಮೇಲೇರಿಸಿ, ಪುಸ್ತಕವನ್ನು ಬೆಳಕಿಗೆ ಹಿಡಿದು, ಉಳಿದವನ್ನು ಬೆರಳಿಟ್ಟು ಎಣಿಸತೊಡಗಿದರು.